ಅಕ್ಕಚ್ಚು

ಬಂದರಿನಲ್ಲಿ ಹಮ್ಮಬ್ಬ ಸಾಹುಕಾರರ ಅಕ್ಕಿ ಮಂಡಿ.
ಮೂವತ್ತೊಂದು ವರ್ಷದಿಂದ ನನ್ನ ಕೆಲಸ ಒಂದೇ:
ಗೋಣಿಗೆ ಕೊಳವೆ ಚುಚ್ಚಿ
ಅಂಗೈಗೆ ಉದುರಿದ ಕಾಳನ್ನು ಹಲ್ಲಿಗಿಟ್ಟು
ಹೇಳುವುದು.
ಇದು ಹಳತು, ಇದಕ್ಕೆ ಬಿಸಿಲು ಸಾಲದು,
ಇದು ಕಜೆ, ಇದು ಜಯಾ,
ಇದು ಕಜೆಯೆಂದು ಹೆಸರಿಟ್ಟುಕೊಂಡು ಬಂದ ಯಾರೋ.

ಅಂಥ ನನಗೆ
ಕಂಕನಾಡಿಯ ಡಾಕ್ಟರಮ್ಮ, ನನ್ನ ಅರ್ಧ ಪ್ರಾಯದವಳು,
ರಕ್ತದ ಚೀಟಿ ನೋಡಿ ಅಂದಳು:
ಅಕ್ಕಿ ಬಿಡಿ. ಗೋಧಿ, ರಾಗಿ, ಉದ್ದು, ತೊಗರಿ ಕೂಡ.
ಪೇಲಿಯೋ ಅಂತಾರೆ ಇದಕ್ಕೆ,
ಕಲ್ಲುಯುಗದ ಊಟ.

ಹೊರಗೆ ಬಂದು ವಾರಿಜ ಕೇಳಿದಳು:
ಎಂಥ ಕಲ್ಲು ಅದು? ನಮ್ಮ ಕಡೆಯುವ ಕಲ್ಲಾ?
ಅದರ ಗುಳಿ ಅಕ್ಕಿ ಕಾಣದ ದಿನ ಯಾವುದು?

ದಾರಿಯಲ್ಲಿ ಸಿಕ್ಕವರು ಒಣಸ್ ಆಂಡಾ ಎಂದರೆ
ಏನು ಹೇಳಲಿ?
ನಾಲ್ಕು ಬಂಗುಡೆ ತಿಂದೆ ಅನ್ನಬಹುದು.
ತಿಂದದ್ದು ಉಂಡಂತಾಗುವುದಿಲ್ಲ.

ಬೇಕಾದರೆ ನೀವೇ ಬೇಯಿಸಿಕೊಳ್ಳಿ ಎಂದಳು.
ಅಕ್ಕಿಯಿಲ್ಲದೆ ನೀರುದೋಸೆ ಹೊಯ್ಯಲು ಹೋದೆ,
ಉಳಿದದ್ದು ನೀರು.
ಸುವರ್ಣಗಡ್ಡೆ ತುರಿದು, ಮಸಾಲೆ ಕಲಸಿ,
ಕೆಸುವಿನೆಲೆಗೆ ಹಚ್ಚಿ ಪತ್ರೊಡೆ ಸುತ್ತಿದೆ,
ಹುಳಿ ಹಾಕಲು ಮರೆತೆ.
ಗಂಟಲು ತುರಿಸಿ ತುರಿಸಿ ಕಣ್ಣಲ್ಲಿ ನೀರು ಬಂದಾಗ
ಬೆಲ್ಲದ ತುಂಡು ಹಿಡಿದು ಓಡಿ ಬಂದವಳು
ಬಾಗಿಲಲ್ಲೇ ನಿಂತಳು,
ಹಿಂದಿರುಗಿ
ಹುಣಸೆ ತಂದಳು.

ಕಲಿತೆ, ನಿಧಾನಕ್ಕೆ.
ಬೂತಾಯಿಗೆ ರವೆ ಬೇಡ.
ಕಾವಲಿಯ ಮೇಲೆ ಬಾಳೆಲೆ ಹಾಸಿ ಮಲಗಿಸಿದರೆ
ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ.
ಜೀಗುಜ್ಜೆಯನ್ನು ಬೆರಳಗಲ ಕೊಯ್ದು
ಉಪ್ಪು, ಮೆಣಸು, ತೆಂಗಿನೆಣ್ಣೆ ಸವರಿ
ಅಂಚು ಕೆಂಪಾಗುವವರೆಗೆ ಮುಟ್ಟದೆ ಬಿಟ್ಟರೆ
ಮೀನೆಂದು ಮೋಸ ಹೋಗುವ ಬೆಕ್ಕು ನಮ್ಮ ಓಣಿಯಲ್ಲೇ ಎರಡಿವೆ.
ಬೊಂಡದವನು ಕೇಳುತ್ತಾನೆ:
ನೀರಿನದ್ದೋ, ಗಂಜಿದ್ದೋ?
ಗಂಜಿದ್ದು ಎನ್ನುತ್ತೇನೆ,
ಬಾಯಾರಿಕೆಗಲ್ಲ,
ಆ ಮಾತನ್ನೊಮ್ಮೆ ಬಾಯಿಗೆ ಹಾಕಿಕೊಳ್ಳಲು.

ಮಂಡಿಯಲ್ಲಿ ಈಗ ಕಡಿದು ಉಗುಳುತ್ತೇನೆ.
ಹಮ್ಮಬ್ಬರು ನೋಡಿಯೂ ನೋಡದವರಂತೆ
ಪೇಪರು ಮಗುಚುತ್ತಾರೆ.

ವಾರಿಜಳ ಪಾವು ಮಾತ್ರ ಕಿರಿದಾಗಲಿಲ್ಲ.
ಅವಳ ಕೈಗೆ ಗೊತ್ತಿರುವುದು ಇಬ್ಬರ ಲೆಕ್ಕ.
ಮಿಕ್ಕಿದ್ದು ನೀರು ಕುಡಿದು ತಂಗಳಾಗುತ್ತದೆ,
ಬೆಳಿಗ್ಗೆ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡು
ನನಗೆ ಬೆನ್ನು ಹಾಕಿ ಉಣ್ಣುತ್ತಾಳೆ,
ಬಟ್ಟಲಿಗೆ ಬೆರಳು ತಾಗಿದ ಸದ್ದೂ ಬಾರದ ಹಾಗೆ.
ಆ ಸದ್ದಿಲ್ಲದ್ದೇ ನನಗೆ ಕೇಳಿಸುತ್ತದೆ.

ಮೊನ್ನೆ ಭಾನುವಾರ
ಗುರುಪುರ ಹೊಳೆಯ ಮರುವಾಯಿ ಬಂತು.
ಯಾರೂ ಹೇಳದೆ ಅವಳೇ ಕಾಯಿ ತುರಿದಳು,
ಕೊತ್ತಂಬರಿ, ಬ್ಯಾಡಗಿ ಮೆಣಸು ಹುರಿದು ಕಡೆದಳು.
ಹಿತ್ತಿಲ ಚಪ್ಪರದಿಂದ ಕೊಯ್ದ ಬಸಳೆ,
ಹೆಬ್ಬೆರಳಿನಷ್ಟು ದಪ್ಪ ದಂಟು.
ಅನ್ನವಿಲ್ಲದ ತಟ್ಟೆಯಲ್ಲಿ
ಸಾರಿಗೆ ದಡವಿಲ್ಲ, ಎಲ್ಲೆಲ್ಲೋ ಹರಿಯುತ್ತದೆ.
ದಂಟು ಅಗಿದೆ. ರಸ ಬಂತು.
ಈ ವರ್ಷ ಬಸಳೆ ಯಾಕೆ ಹೀಗೆ ಸೊಕ್ಕಿದೆ ಎಂದೆ.
ಅಕ್ಕಚ್ಚು, ಎಂದಳು ತಿರುಗದೆ.
ದಿನಾ ಬುಡಕ್ಕೆ ಹೊಯ್ಯುತ್ತೇನಲ್ಲ,
ನಿಮ್ಮ ಪಾಲಿನ ಅಕ್ಕಿ ತೊಳೆದದ್ದೂ.

ಇನ್ನೊಂದು ದಂಟು ಹಾಕಿಸಿಕೊಂಡೆ.

ಇವತ್ತು ಕಂಕನಾಡಿಯಲ್ಲಿ ಡಾಕ್ಟರಮ್ಮನಿಗೆ ಖುಷಿ.
ಸಕ್ಕರೆ ಇಳಿದಿದೆ, ಸೊಂಟವೂ.
ಒಂದು ಕಾಳೂ ಮುಟ್ಟಿಲ್ಲವಲ್ಲ?
ಇಲ್ಲ, ಎಂದೆ.
ದವಡೆಯ ಸಂದಿಯಲ್ಲಿ
ಬೆಳಗಿನ ಲಾರಿಯ ಜ್ಯೋತಿ ಅಕ್ಕಿಯ ಚೂರೊಂದು
ನಾಲಿಗೆಗೆ ಸಿಕ್ಕಿತು.
ಮಿಲ್ಲಿನವನಿಗೆ ಹೇಳಬೇಕು,
ಒಂದು ಕುದಿ ಕಡಿಮೆ.